ಹೋದವರಿಗೊಂದು ಎಡೆ

ಪತ್ರಿಕೆ ಓದುವವರ ಕಣ್ಣಿಗೆ ‘ಎಡೆ’ ದಿನಕ್ಕೊಮ್ಮೆಯಾದರೂ ಬೀಳುತ್ತದೆ. ವಿವಾದಕ್ಕೆ ಎಡೆ ಮಾಡಿಕೊಟ್ಟ ಹೇಳಿಕೆ, ಅನುಮಾನಕ್ಕೆ ಎಡೆಯಿಲ್ಲದ ತೀರ್ಪು, ರಾತ್ರಿಯಿಡೀ ಎಡೆಬಿಡದೆ ಸುರಿದ ಮಳೆ. ಅಲ್ಲೆಲ್ಲ ಅದಕ್ಕೆ ಜಾಗ, ಅವಕಾಶ, ನಡುವಿನ ಬಿಡುವು ಎಂಬ ಅರ್ಥ. ಹೊಲದವರ ಬಾಯಲ್ಲಿ ಅದು ಇನ್ನಷ್ಟು ಖಚಿತ: ಸಾಲಿಗೂ ಸಾಲಿಗೂ ನಡುವೆ ಬಿಟ್ಟ ನೆಲ. ಪೈರಿಗೆ ಪೆಟ್ಟಾಗದ ಹಾಗೆ ಆ ಸಂದಿಯಲ್ಲಿ ಹಾಯ್ದು ಕಳೆ ತೆಗೆಯುವ ಕುಂಟೆಗೆ ಎಡೆಕುಂಟೆ ಅಂತಲೇ ಹೆಸರು. ಕೃಷ್ಣೆಗೂ ತುಂಗಭದ್ರೆಗೂ ನಡುವಿರುವ ರಾಯಚೂರು ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ತೊರೆಗಳ ನಡುವಿನ ನಾಡು ಅಂತ.

ಭಾದ್ರಪದ ಮುಗಿಯುತ್ತ ಬಂದಾಗ ಮಂಡ್ಯ, ರಾಮನಗರ, ತುಮಕೂರಿನ ಕಡೆ ಈ ಪದಕ್ಕೆ ಬೇರೆಯೇ ಜೀವ ಬರುತ್ತದೆ. “ನಿಮ್ಮನೇಲಿ ಎಡೆ ಯಾವತ್ತು?” ಅಂತ ಕೇಳಿದರೆ ಯಾರೂ ಅರ್ಥ ಕೇಳುವುದಿಲ್ಲ. ಪಿತೃಪಕ್ಷದ 15 ದಿನಗಳಲ್ಲಿ, ಹೆಚ್ಚಾಗಿ ಮಹಾಲಯ ಅಮಾವಾಸ್ಯೆಯಂದು, ತೀರಿಹೋದ ಹಿರಿಯರಿಗೆ ಬಾಳೆಲೆ ಹಾಸಿ ಬಡಿಸುವ ಊಟ ಅದು. ಪಂಚಾಂಗದಲ್ಲಿ ಅದು ಪಿತೃಪಕ್ಷ. ಊರವರ ಬಾಯಲ್ಲಿ ಪಕ್ಷ, ಮಾರ್ಲಮಿ, ಹಿರಿಯರ ಹಬ್ಬ. ಹಬ್ಬ ಎನ್ನುವ ಮಾತನ್ನು ಗಮನಿಸಬೇಕು. ಪಂಚಾಂಗ ಈ ದಿನಗಳನ್ನು ಶುಭಕಾರ್ಯಕ್ಕೆ ಸಲ್ಲದೆಂದು ಬದಿಗಿಡುತ್ತದೆ, ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅದೇ ದಿನಗಳಲ್ಲಿ ಒಕ್ಕಲು ಮನೆಗಳು ಸುಣ್ಣ ಬಳಿದು, ಹೊಸ ಬಟ್ಟೆ ತಂದು, ನೆಂಟರನ್ನು ಕರೆದು ಹಬ್ಬ ಮಾಡುತ್ತವೆ.

ಜಾಗವೆಂಬ ಪದ ಊಟವಾದದ್ದು ಹೇಗೆ? ದಾರಿ ದೂರದ್ದಲ್ಲ ಅನ್ನಿಸುತ್ತದೆ. ಪಂಕ್ತಿಯಲ್ಲಿ ಒಬ್ಬರು ಕೂರುವಷ್ಟು ನೆಲ, ಅವರ ಮುಂದೆ ಹಾಸಿದ ಎಲೆ, ಆ ಎಲೆಗೆ ಬಡಿಸಿದ್ದು, ಎಲ್ಲಕ್ಕೂ ಎಡೆ ಎಂದೇ ಹೇಳುತ್ತಿದ್ದರು. “ಎಡೆ ಮಾಡಿದೀವಿ, ಏಳಿ” ಅಂತ ಹಳಬರು ನೆಂಟರನ್ನು ಊಟಕ್ಕೆಬ್ಬಿಸುತ್ತಿದ್ದರು. ಬದುಕಿರುವವರಿಗೆ ಆಡಿದ ಮಾತೇ ಹೋದವರಿಗೂ ಸಂದಿದೆ. ಶ್ರಾದ್ಧ, ತರ್ಪಣ, ಪಿಂಡ ಇವು ಆಡುಮಾತಿನಲ್ಲಿ ಸತ್ತವರಿಗೇ ಅಂಟಿಕೊಂಡ ಪದಗಳು, ಜೀವಂತ ಇರುವವರ ಮುಂದೆ ಆಡಿದರೆ ಅಪಶಕುನ. ಎಡೆ ಮಾತ್ರ ಅಡುಗೆಮನೆಯಿಂದ ಎದ್ದು ಬಂದದ್ದು. ಹೋದವರನ್ನು ನೆಂಟರಂತೆ ಕರೆದು ಕೂರಿಸಿದ ಜನ ಅವರಿಗಾಗಿ ಬೇರೆ ಪದ ಹುಡುಕಲಿಲ್ಲ ಎನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದೇ ಬೇರಿನ ತೆಲುಗು ಪದ ‘ಎಡ’. ಅದರಿಂದ ಹುಟ್ಟಿದ ‘ಎಡಬಾಟು’ ಎಂದರೆ ಪ್ರೀತಿಪಾತ್ರರ ಅಗಲಿಕೆ. ನಡುವೆ ಬಿದ್ದ ಅಂತರವನ್ನು ತೆಲುಗರು ಸಂಕಟವಾಗಿ ಹೆಸರಿಸಿದರು. ನಾವು ಅದೇ ಅಂತರದಲ್ಲಿ ಎಲೆ ಹಾಸಿದೆವು.

ನಮ್ಮ ಮನೆಯ ಎಡೆ ಅಡುಗೆಗೆ ಒಂದು ಕಟ್ಟುನಿಟ್ಟಿದೆ. ಹಿರಿಯರಿಗೆ ಬಡಿಸುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಸಾಲದೋ ಹೆಚ್ಚಾಯಿತೋ ನಾಲಗೆಯನ್ನು ಕೇಳುವ ಹಾಗಿಲ್ಲ, ನೆನಪನ್ನೇ ಕೇಳಬೇಕು. ಹಾಗಾಗಿ ಒಲೆಯ ಮುಂದೆ ಮಾತು ಶುರುವಾಗುತ್ತದೆ. “ಮಾವಯ್ಯಂಗೆ ಖಾರ ಮುಂದಾಗಿರ್ಬೇಕಕ್ಕ, ಇನ್ನೊಂಚೂರು ಹಾಕು” ಅನ್ನುತ್ತಾರೆ ಚಿಕ್ಕಮ್ಮ. “ಅತ್ತೆಗೆ ಆಗ್ತಿರ್ಲಿಲ್ಲ ಕಣೆ, ಅವರ ಪಾಲು ಮೊದ್ಲೇ ತೆಗೆದಿಡು” ಅನ್ನುತ್ತಾರೆ ಅವ್ವ. ಅಜ್ಜ ಸಾರಿಗೆ ಮುನಿಸಿಕೊಂಡು ಎದ್ದುಹೋದ ಕಥೆ, ಅಜ್ಜಿ ಹಿಂದೆಯೇ ಹೋಗಿ ತೋಟದಿಂದ ಕರೆತಂದ ಕಥೆ ಪ್ರತಿ ವರ್ಷವೂ ಅಲ್ಲಿ ಕುದಿಯುತ್ತದೆ. ಅಜ್ಜನನ್ನು ಕಾಣದ ಮಕ್ಕಳಿಗೂ ಅವರ ಖಾರದ ಅಳತೆ ಗೊತ್ತು.

ಆಮೇಲೆ ಎಲೆ ಬೀಳುತ್ತವೆ. ಮುದ್ದೆ, ಬಾಡಿನ ಸಾರು, ಕೋಳಿ ಸಾರು, ವಡೆ, ಕಜ್ಜಾಯ, ಚಕ್ಕುಲಿ. ಅಜ್ಜನ ಎಲೆಯ ಪಕ್ಕ ಬೀಡಿಕಟ್ಟು, ಬೆಂಕಿಪೊಟ್ಟಣ. ಅಜ್ಜಿಗೆ ಎಲೆಅಡಿಕೆ, ಒಂದೆಸಳು ಹೊಗೆಸೊಪ್ಪು, ಮಡಿಕೆ ಬಿಚ್ಚದ ಸೀರೆ. ಕೊನೆಯಲ್ಲಿ ಒಂದು ಪುಟ್ಟ ಎಲೆ. ದೊಡ್ಡಪ್ಪನ ಮಗಳೊಬ್ಬಳು ಶಾಲೆಗೆ ಸೇರುವ ಮೊದಲೇ ಜ್ವರದಲ್ಲಿ ಹೋದಳು. ಅವಳ ಓರಗೆಯವರು ಈಗ ತಾಯಂದಿರು. ಅವಳ ಎಲೆಗೆ ಇಂದಿಗೂ ಗ್ಲೂಕೋಸ್ ಬಿಸ್ಕತ್ತು, ಕೆಂಪು ಬಳೆ. ದೊಡ್ಡಮ್ಮ ಆ ಪೊಟ್ಟಣವನ್ನು ತಾವೇ ಒಡೆದು, ಬಿಸ್ಕತ್ತುಗಳನ್ನು ಒಂದೊಂದಾಗಿ ಜೋಡಿಸುತ್ತಾರೆ. ಆಗ ಮಾತ್ರ ಯಾರೂ ಏನೂ ಮಾತಾಡುವುದಿಲ್ಲ.

ಸಾಂಬ್ರಾಣಿ ಹಾಕಿ, ಕಾಯಿ ಒಡೆದು, ಬಾಗಿಲು ಮುಂದಕ್ಕೆಳೆದುಕೊಂಡು ಎಲ್ಲರೂ ಜಗುಲಿಗೆ ಬಂದು ಕೂರುತ್ತೇವೆ. ಉಣ್ಣುವವರನ್ನು ನೋಡುತ್ತ ನಿಲ್ಲಬಾರದಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತಾರೆ. ಮುಂದಿನದೆಲ್ಲ ಗದ್ದಲ. ಅಜ್ಜನ ಎಲೆ ತನಗೆ ಬೇಕೆಂದು ಮೊಮ್ಮಕ್ಕಳ ಜಗಳ, ಸತ್ತ ಕೂಸಿನ ಬಿಸ್ಕತ್ತು ಇರುವ ಕೂಸುಗಳ ಕೈಗೆ, ಅಜ್ಜಿಯ ಸೀರೆ ಅತ್ತೆಯ ಮೈಗೆ. ಅಳು ಬರಬಹುದಾಗಿದ್ದ ಮನೆಯಲ್ಲಿ ಇಷ್ಟೊಂದು ನಗು ಇರುವುದು ಯಾರಿಗೂ ತಪ್ಪೆಂದು ಕಾಣುವುದಿಲ್ಲ. ಕಾಣಲೂ ಬಾರದು. ಹೋದವರ ಹೆಸರಲ್ಲಿ ಇದ್ದವರು ಹೊಟ್ಟೆ ತುಂಬ ಉಂಡರೇ ಎಡೆ ಮುಟ್ಟಿತು ಎಂದು ಲೆಕ್ಕ.

ಸಾಮಾನ್ಯವಾಗಿ ಮಹಾಲಯ ಅಮಾವಾಸ್ಯೆಯ ಮಾರನೆಯ ದಿನವೇ ನವರಾತ್ರಿ ಶುರು. ಎಡೆಗೆ ಬಂದ ನೆಂಟರು ಹಾಗೇ ಮೈಸೂರಿಗೆ ಹೋಗಿ ದಸರಾ ನೋಡಿಕೊಂಡು ಹೋಗುವುದುಂಟು. 2020ರಲ್ಲಿ ಹಾಗಾಗಲಿಲ್ಲ. ಸೆಪ್ಟೆಂಬರ್ 17ಕ್ಕೆ ಅಮಾವಾಸ್ಯೆ ಮುಗಿದರೂ ಅಧಿಕಮಾಸ ಬಂದು, ನವರಾತ್ರಿಗೆ ಅಕ್ಟೋಬರ್ 17ರವರೆಗೆ ಕಾಯಬೇಕಾಯಿತು. ಕೊರೊನಾದ ವರ್ಷ ಅದು. ಮಣ್ಣು ಹಾಕಲಾಗದೆ, ಕೊನೆಯ ಸಲ ಮುಖ ನೋಡಲಾಗದೆ ಕಳೆದುಕೊಂಡವರಿಗೆ ಆ ವರ್ಷವೂ ಮರುವರ್ಷವೂ ಎಷ್ಟೋ ಮನೆಗಳಲ್ಲಿ ಎಡೆ ಇಟ್ಟರು. ಆಸ್ಪತ್ರೆಯವರು ಒಳಗೆ ಬಿಡದಿದ್ದ ಮಕ್ಕಳು ಎಲೆಯ ಮುಂದೆ ಕೂತು ಅಪ್ಪನಿಗೆ ಬಡಿಸಿದರು. ಬೇರೆ ಯಾವ ಸಂಸ್ಕಾರವೂ ಅವರಿಗೆ ಅಷ್ಟನ್ನು ಕೊಡಲಾರದಾಗಿತ್ತು ಎಂದೇ ನಂಬಿದ್ದೇನೆ.

ಇಷ್ಟು ಉದಾರವಾದ ಪದಕ್ಕೂ ನಾವು ಒಂದು ಬೇಲಿ ಹಾಕಿದ್ದೇವೆ. ಮದುವೆಯಾಗಿ ಬಂದ ಹೆಣ್ಣು ಗಂಡನ ಕಡೆಯ ಹಿರಿಯರಿಗೆಲ್ಲ ಬೆಳಗಿನಿಂದ ಬೇಯಿಸುತ್ತಾಳೆ. ಅವಳ ಹೆತ್ತವರಿಗೆ ಆ ಮನೆಯಲ್ಲಿ ಎಲೆ ಬೀಳುವುದಿಲ್ಲ. ಅದನ್ನು ಅವಳ ಅಣ್ಣತಮ್ಮಂದಿರು ನೋಡಿಕೊಳ್ಳಬೇಕಂತೆ. ಅಣ್ಣತಮ್ಮಂದಿರೇ ಇಲ್ಲದಿದ್ದರೆ? ನಮ್ಮ ಚಿಕ್ಕಮ್ಮನಿಗೆ ಒಡಹುಟ್ಟಿದ ಗಂಡಸರಿಲ್ಲ. ಅವರಪ್ಪ ತೀರಿಕೊಂಡ ಮೇಲೆ ಎಡೆಯ ದಿನ ಹಿತ್ತಲ ಕಲ್ಲಿನ ಮೇಲೆ ಕಾಗೆಗೆ ಇಡುವಾಗ ಒಂದು ತುತ್ತು ಹೆಚ್ಚಾಗಿಯೇ ಇಡುತ್ತಿದ್ದರು. ಯಾರಿಗೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವನ ಕಣ್ಣಿಗೆ ಅದು ಬಿತ್ತು. ಮರುವರ್ಷ ಎಲೆ ಹಾಸುವಾಗ ಇನ್ನೊಂದು ಎಲೆ ತೆಗೆದು, “ನಿಮ್ಮಪ್ಪಂಗೇನಿಷ್ಟ ಹೇಳು” ಅಂದರು. ಚಿಕ್ಕಮ್ಮ ಹೇಳಿದ್ದು ಉಪ್ಸಾರು. ಹಬ್ಬದ ದಿನ, ಅಷ್ಟು ಅಡುಗೆಯ ನಡುವೆ, ಇನ್ನೊಂದು ಒಲೆ ಹಚ್ಚಿ ಅವ್ವ ಉಪ್ಸಾರು ಮಾಡಿದರು. ಮನೆಯ ಹಿರಿಯರು ಮುನಿದ ಲಕ್ಷಣವೇನೂ ಈವರೆಗೆ ಕಂಡಿಲ್ಲ.

ಈ ಸಲದ ಪಕ್ಷಕ್ಕೆ ನಿಮ್ಮ ಮನೆಗೆ ಬಂದ ಸೊಸೆಯನ್ನು, ನಿಮ್ಮ ಹೆಂಡತಿಯನ್ನು, ಅತ್ತಿಗೆಯನ್ನು ಕೇಳಿ, ಅವರ ಅಪ್ಪ ಅವ್ವನಿಗೆ ಏನು ಇಷ್ಟವಿತ್ತು ಅಂತ. ಅದನ್ನೇ ಮಾಡಿ, ಒಂದು ಎಲೆ ಹೆಚ್ಚಿಗೆ ಹಾಕಿ.