ಪದವಿಪತ್ರದಿಂದ ಫಲಿತಾಂಶದವರೆಗೆ: ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರ ಅರ್ಹತಾ ಪರಿಶೀಲನೆಯ ಚರಿತ್ರೆ

ವೈದ್ಯರಿಗೆ ಸರ್ಕಾರ ಕೊಡುವ ಪರವಾನಗಿ ಬೇರೆ. ಇಂಥ ಶಸ್ತ್ರಚಿಕಿತ್ಸೆಯನ್ನು ಇಲ್ಲಿ ಮಾಡಬಹುದೆಂದು ಆಸ್ಪತ್ರೆ ಕೊಡುವ ಅನುಮತಿ ಬೇರೆ. ಈ ಎರಡನೆಯದು ಅಮೆರಿಕದಲ್ಲಿ ಬೆಳೆದುಬಂದ ಬಗೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವೈದ್ಯರ ಪ್ರಮಾಣಪತ್ರ ಕೇಳುವುದನ್ನು ಆಸ್ಪತ್ರೆಗಳು ಬೇಗ ರೂಢಿಸಿಕೊಂಡವು. ಅವರ ಕೈಯಲ್ಲಿ ರೋಗಿಗಳು ಏನಾದರು ಎಂದು ಕೇಳಲು ಬಹುಕಾಲ ಹಿಂಜರಿದವು.

ಆ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್‌ಮನ್. ಚಿಕಿತ್ಸೆ ಮುಗಿದ ವರ್ಷದ ಬಳಿಕವೂ ರೋಗಿಯನ್ನು ವಿಚಾರಿಸಬೇಕು, ಗುಣವಾಗದಿದ್ದರೆ ಕಾರಣವನ್ನು ಬರೆದಿಡಬೇಕು ಎಂಬುದು ಅವರ ವಾದ. ಹಿರಿತನವನ್ನೇ ನೆಚ್ಚಿದ ಬಡ್ತಿ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಬಿಟ್ಟರು. 1911ರಿಂದ 1916ರವರೆಗೆ ತಮ್ಮ ಪುಟ್ಟ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ದಾಖಲೆಗಳಲ್ಲಿ 123 ತಪ್ಪುಗಳನ್ನು ಗುರುತಿಸಿ, ತಾವೇ ಪ್ರಕಟಿಸಿದರು.

1913ರಲ್ಲಿ ಹುಟ್ಟಿದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ 1917ರಲ್ಲಿ 'ಕನಿಷ್ಠ ಮಾನದಂಡ'ವನ್ನು ರೂಪಿಸಿತು. ಆಸ್ಪತ್ರೆಯ ವೈದ್ಯವೃಂದ ಸಂಘಟಿತವಾಗಿರಬೇಕು, ಸದಸ್ಯರು ಸಮರ್ಥರೂ ಶೀಲವಂತರೂ ಆಗಿರಬೇಕು, ರೋಗಿ ಕಳಿಸಿದವರೊಂದಿಗೆ ಶುಲ್ಕ ಹಂಚಿಕೊಳ್ಳಬಾರದು, ತಿಂಗಳಿಗೊಮ್ಮೆಯಾದರೂ ಸೇರಿ ತಮ್ಮ ಚಿಕಿತ್ಸೆಗಳನ್ನು ವಿಮರ್ಶಿಸಬೇಕು ಎಂದಿತು. ಮುಂದಿನ ವರ್ಷ ಪರಿಶೀಲಿಸಿದ ನೂರಕ್ಕೂ ಹೆಚ್ಚು ಹಾಸಿಗೆಗಳ 692 ಆಸ್ಪತ್ರೆಗಳಲ್ಲಿ ತೇರ್ಗಡೆಯಾದವು 89 ಮಾತ್ರ. ಆ ಪಟ್ಟಿ ಪತ್ರಿಕೆಗಳಿಗೆ ಸಿಗಬಾರದೆಂದು ನ್ಯೂಯಾರ್ಕಿನ ಹೋಟೆಲಿನಲ್ಲಿ ಅದನ್ನು ಸುಟ್ಟುಹಾಕಿದರು. ಮಾನದಂಡ ಉಳಿಯಿತು, ಆದರೆ ವಿಮರ್ಶೆ ವೈದ್ಯರ ಒಳಮನೆಯ ಮಾತಾಗಿಯೇ ಉಳಿಯಿತು. ಆಸ್ಪತ್ರೆಗಳಿಗೆ ಮಾನ್ಯತೆ ನೀಡಲೆಂದು 1951ರಲ್ಲಿ ಸ್ಥಾಪನೆಯಾದ ಜಂಟಿ ಆಯೋಗ ಆಸ್ಪತ್ರೆಗಳನ್ನು ಪರಿಶೀಲಿಸುವ ಕೆಲಸವನ್ನು ವಹಿಸಿಕೊಂಡಿತು.

ಆಸ್ಪತ್ರೆಗೇ ಹೊಣೆ ಹೊರಿಸಿದ್ದು ನ್ಯಾಯಾಲಯ. 1960ರಲ್ಲಿ ಇಲಿನಾಯ್ಸ್‌ನ ಚಾರ್ಲ್ಸ್‌ಟನ್‌ನಲ್ಲಿ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ ಡಾರ್ಲಿಂಗ್ ಎಂಬ ತರುಣನಿಗೆ ಪ್ಲಾಸ್ಟರ್ ಹಾಕಲಾಯಿತು. ಕಾಲ್ಬೆರಳುಗಳು ಊದಿ ಕಪ್ಪಾದವು. ತಜ್ಞರ ಸಲಹೆ ಪಡೆಯಲಿಲ್ಲ. ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಚಿಕಿತ್ಸೆ ವೈದ್ಯರದು, ನಮ್ಮದಲ್ಲ ಎಂಬ ಆಸ್ಪತ್ರೆಯ ವಾದವನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ 1965ರ ಡಾರ್ಲಿಂಗ್ ತೀರ್ಪಿನಲ್ಲಿ ಒಪ್ಪಲಿಲ್ಲ.

ಹೊಣೆಯ ಜೊತೆಗೆ ಅಪಾಯವೂ ಬಂತು. ಒರೆಗನ್ನಿನ ಅಸ್ಟೋರಿಯಾದಲ್ಲಿ ಶಸ್ತ್ರವೈದ್ಯರೊಬ್ಬರು, ಸ್ಪರ್ಧಿಗಳೇ ಸಹೋದ್ಯೋಗಿಗಳ ಪರಾಮರ್ಶೆಯ ಹೆಸರಿನಲ್ಲಿ ತಮ್ಮನ್ನು ಹೊರದೂಡಲು ಹೊರಟರೆಂದು ದಾವೆ ಹೂಡಿ, 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅದಕ್ಕೆ ಮುನ್ನವೇ, 1986ರಲ್ಲಿ, ಪ್ರಾಮಾಣಿಕ ಪರಾಮರ್ಶೆಗೆ ರಕ್ಷಣೆ ಕೊಡುವ ಕಾಯಿದೆ ಬಂದಿತ್ತು. ಅದರಂತೆ 1990ರಲ್ಲಿ ತೆರೆದ ರಾಷ್ಟ್ರೀಯ ದತ್ತಾಂಶ ಕೋಶದಿಂದಾಗಿ, ಒಂದು ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡ ವೈದ್ಯರು ಅದನ್ನು ಮರೆಮಾಚಿ ಇನ್ನೊಂದು ರಾಜ್ಯದಲ್ಲಿ ನೆಲೆಯೂರುವುದು ಕಷ್ಟವಾಯಿತು. 2000ದ ದಶಕದ ಕೊನೆಗೆ ಜಂಟಿ ಆಯೋಗವು ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪರಿಶೀಲನೆ ಸಾಲದೆಂದು ನಿರಂತರ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು.

ಡಾರ್ಲಿಂಗ್ ಮತ್ತು ಅಸ್ಟೋರಿಯಾ ಪ್ರಕರಣಗಳನ್ನು ಒಟ್ಟಿಗಿಟ್ಟು ಓದಬೇಕು. ಒಂದರಲ್ಲಿ ಪರಾಮರ್ಶೆಯೇ ಇಲ್ಲದೆ ರೋಗಿ ಕಾಲು ಕಳೆದುಕೊಂಡ. ಇನ್ನೊಂದರಲ್ಲಿ ಪರಾಮರ್ಶೆಯೇ ಅಸ್ತ್ರವಾಯಿತು. ಎರಡಕ್ಕೂ ಮದ್ದು ಒಂದೇ: ಮೊದಲೇ ಬರೆದಿಟ್ಟ ಮಾನದಂಡ, ರೋಗಿಗಳ ಫಲಿತಾಂಶದ ಪ್ರಾಮಾಣಿಕ ದಾಖಲೆ, ಆರೋಪಿತ ವೈದ್ಯರ ಮಾತಿಗೂ ಅವಕಾಶ. ಇವು ಇದ್ದಲ್ಲಿ ಮಾತ್ರ ಸಹೋದ್ಯೋಗಿಗಳ ತೀರ್ಪನ್ನು ರೋಗಿಯೂ ವೈದ್ಯರೂ ನಂಬಬಹುದು.