ಕಡತವೂ ನನ್ನ ಸ್ಕೆಚ್ ಪುಸ್ತಕವೂ

ಮೊನ್ನೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿದ್ದೆ. ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ನಡುನೀರಿನ ಮಂಟಪ ಬರೆಯೋಕೆ ಶುರು ಮಾಡಿದೆ. ಮೊದಲ ಗೆರೆಯೇ ಸೊಟ್ಟ! ಪುಟ ಹರಿಯೋಕೆ ಕೈ ಹೋಯ್ತು, ಆದ್ರೆ ಹರಿಯಲಿಲ್ಲ. ಅದರ ಹಿಂದೆ ಒಂದು ಕತೆ ಇದೆ.

'ಕಡತ' ಅಂದ್ರೆ ಈಗ ನಮಗೆಲ್ಲ ಸರ್ಕಾರಿ ಕಚೇರಿಯ ಫೈಲು, ಅಲ್ವಾ? ಆದ್ರೆ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಇದ್ದಿಲ ಪುಡಿಯನ್ನು ಹುಣಸೆ ಬೀಜದ ಸರಿ ಅಥವಾ ಅಂಟಿನಲ್ಲಿ ಕಲಸಿ ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸೋದು. ಆಮೇಲೆ ಹಿಂದಕ್ಕೆ ಮುಂದಕ್ಕೆ ಸಮನಾಗಿ ಮಡಚೋದು. ಮೇಲೆ ಕೆಳಗೆ ತೆಳು ಹಲಗೆಯ ರಟ್ಟು. ಬರೆಯೋಕೆ ಬಳಪ, ಬೇಡವಾದ್ರೆ ಒರೆಸಿ ಮತ್ತೆ ಬರೀಬಹುದು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸ ಗ್ರಂಥದಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಅಂಗಡಿಯವರ ಲೆಕ್ಕ ಇರ್ತಾ ಇದ್ದದ್ದು ಇದರಲ್ಲೇ. ಶೃಂಗೇರಿ ಮಠದ ಕಡತಗಳಂತೂ ಇತಿಹಾಸಕಾರರಿಗೆ ದೊಡ್ಡ ಆಕರ.

ನಾನು ಓದಿದ್ದು ನ್ಯಾಮತಿಯಲ್ಲಿ. ಈಗ ಅದೇ ಒಂದು ತಾಲ್ಲೂಕು, ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಒಳ್ಳೆ ಡ್ರಾಯಿಂಗ್ ಹಾಳೆ ಬೇಕಂದ್ರೆ ಅಪ್ಪ ಹೊನ್ನಾಳಿಯಿಂದಲೇ ತರಬೇಕು. ಬೇಸಿಗೆ ರಜೆಗೆ ಜಗಳೂರಿನ ಅಜ್ಜನ ಮನೆ. ಅಲ್ಲಿ ಹಾಳೆಯೇ ಇಲ್ಲ. ಅಟ್ಟ ಹತ್ತಿದಾಗ ಹಳೇ ಬಟ್ಟೆ ಗಂಟಲ್ಲಿ ಕಪ್ಪಗೆ ಉದ್ದಕ್ಕೆ ಬಿಚ್ಚಿಕೊಳ್ಳೋ ಪುಸ್ತಕ ಸಿಕ್ತು. ಸ್ಲೇಟಿನ ಹಾಗೇ ಇತ್ತು. ಮಸುಕು ಮಸುಕು ಅಕ್ಷರಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಳಪದಲ್ಲಿ ಎರಡು ಎತ್ತು, ಒಂದು ಗಾಡಿ ಬರೆದೆ. ಹೆಮ್ಮೆಯಿಂದ ಅಜ್ಜನಿಗೆ ತೋರಿಸಿದೆ.

ಅಜ್ಜ ಬೈಯಲಿಲ್ಲ. ಬಹಳ ಹೊತ್ತು ನೋಡಿ, "ಎತ್ತು ಚೆಂದ ಬಂದಾವಪ್ಪ. ಅದ್ರಾಗ ನಮ್ಮಜ್ಜನ ಕೈಬರಹ ಇತ್ತು, ಅಷ್ಟೇ" ಅಂದ್ರು.

ಯಾರ ಯಾರ ಹೆಸರಿತ್ತೋ, ಯಾವ ಸಾಲ ಇತ್ತೋ! ಊರಿನ ಒಂದು ಚೂರು ಇತಿಹಾಸ ನನ್ನ ಕೈಯಲ್ಲೇ ಅಳಿಸಿಹೋಯ್ತು. ಒರೆಸಿ ಬರೆಯೋದು ಕಡತದ ಗುಣ, ಅದರ ಶಾಪವೂ ಅದೇ.

ಅದಕ್ಕೇ ಇವತ್ತಿಗೂ ನಾನು ಸ್ಪೈರಲ್ ಪುಸ್ತಕ ಕೊಳ್ಳಲ್ಲ, ಹರಿಯೋಕೆ ತುಂಬಾ ಸುಲಭ. ದಾರದಲ್ಲಿ ಹೊಲಿದದ್ದೇ ಬೇಕು, ಅದಾದ್ರೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತೆ. ಪೆನ್ಸಿಲ್ಲಿಗೆ 120-150 ಜಿಎಸ್ಎಂ ಸಾಕು, ಜಲವರ್ಣಕ್ಕೆ 300 ಆದ್ರೆ ಹಾಳೆ ಅಷ್ಟಾಗಿ ಸುಕ್ಕಾಗಲ್ಲ. ಇದ್ದಿಲಲ್ಲಿ ಬರೆಯೋರು ಸ್ವಲ್ಪ ಒರಟು ಹಾಳೆ ಆರಿಸಿ, ನುಣುಪಿನ ಮೇಲೆ ಪುಡಿ ನಿಲ್ಲಲ್ಲ. ತೀರಾ ದುಬಾರಿ ಪುಸ್ತಕ ಮಾತ್ರ ಬೇಡ, ಕೆಟ್ಟುಹೋದೀತು ಅನ್ನೋ ಭಯಕ್ಕೆ ಅದು ಖಾಲಿಯೇ ಉಳಿಯುತ್ತೆ.

ಸಂತೇಬೆನ್ನೂರಿನ ಆ ಸೊಟ್ಟ ಗೆರೆಯನ್ನ ಕೊನೆಗೆ ನೀರಿನ ಅಲೆ ಮಾಡಿದೆ. ಪಕ್ಕದಲ್ಲಿ ತಾರೀಖು ಹಾಕಿದೆ. ಮಂಟಪ ಸ್ವಲ್ಪ ವಾಲಿದೆ, ಇರಲಿ ಬಿಡಿ :)

ನಿಮ್ಮನೆ ಅಟ್ಟದಲ್ಲಿ ಕಪ್ಪು ಬಟ್ಟೆಯ ಪುಸ್ತಕ ಏನಾದ್ರೂ ಇದ್ಯಾ? ಇದ್ರೆ ದಯವಿಟ್ಟು ಒರೆಸಬೇಡಿ. ಮೊದಲು ಒಂದು ಫೋಟೋ ತೆಗೆದಿಡಿ.