ಉಜ್ಜುಗೊರಡಿನ ಅಲಗು

ಹಲಗೆಯ ಮೈಯನ್ನು ಹೆರೆದು ನಯಗೊಳಿಸುವ ಉಜ್ಜುಗೊರಡಿನ (ಹತ್ತರಿ, ಕೀಸುಳಿ) ಉಕ್ಕಿನ ತಗಡು. ಕಬ್ಬಿಣದ ಉಜ್ಜುಗೊರಡುಗಳಲ್ಲಿ ಇದು ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ ಕೂರುತ್ತದೆ. ನಾಲ್ಕನೇ ಮತ್ತು ಐದನೇ ನಂಬರಿನವಕ್ಕೆ ಅಗಲ 2 ಅಂಗುಲ.

ಹಾಸನ, ಹೊಳೆನರಸೀಪುರ, ಹಳೇಕೋಟೆ ಕಡೆ ಮನೆಬಾಗಿಲಿಗೆ ತೇಗವೆಂದರೆ ಅಚ್ಚುಮೆಚ್ಚು. ಆದರೆ ತೇಗದೊಳಗಿನ ಸಿಲಿಕಾ ಅಲಗಿನ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಹಾಗಾಗಿ ಬದಲಿ ಅಲಗು ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದರ ಉಕ್ಕಿನ ಬಗೆಯನ್ನೇ. ಸಾದಾ ಹೈಕಾರ್ಬನ್ ಉಕ್ಕು ಸಾಣೆಕಲ್ಲಿಗೆ ಸಲೀಸಾಗಿ ಮಣಿದು ಕೂದಲೆಳೆಯ ಹರಿತ ಪಡೆಯುತ್ತದೆ. ಕ್ರೋಮಿಯಂ ಹೆಚ್ಚಿರುವ ಎ-2 ಉಕ್ಕು ಹೆಚ್ಚು ಹೊತ್ತು ಬಾಳುತ್ತದೆ, ಮಸೆಯಲು ಮಾತ್ರ ತಾಳ್ಮೆ ಬೇಕು.

ಅಲಗು ದಪ್ಪವಿದ್ದಷ್ಟೂ ಅದುರುವುದು ಕಡಿಮೆ. ಹಳೆಯದು ಸುಮಾರು 2 ಮಿ.ಮೀ. ಇದ್ದರೆ ಹೊಸದು 3 ಮಿ.ಮೀ. ಇರಬಹುದು. ಆಗ ಗೊರಡಿನ ಬಾಯಿ ಸಾಲದೆ ಹೆರಕಲು ಸಿಕ್ಕಿಕೊಳ್ಳುತ್ತದೆ; ಅಲಗಿನ ಕೆಳಗಿನ ಆಸರೆಯನ್ನು ಹಿಂದಕ್ಕೆ ಸರಿಸಬೇಕು, ಇಲ್ಲವೇ ಬಾಯನ್ನು ಅರದಿಂದ ತುಸು ಉಜ್ಜಬೇಕು. ಅಲಗಿನ ಹಿಂಬದಿ ಕನ್ನಡಿಯಷ್ಟು ಸಮತಟ್ಟಾಗದೆ ಎಂಥ ದುಬಾರಿ ಉಕ್ಕೂ ಕೆಲಸಕ್ಕೆ ಬಾರದು. ಓರೆಯನ್ನು 25 ಡಿಗ್ರಿಗೆ ಸಾಣೆ ಹಿಡಿದು, ತುದಿಯನ್ನಷ್ಟೇ 30ಕ್ಕೆ ಮಸೆಯುವುದು ರೂಢಿ. ಚೆನ್ನಾಗಿ ಮಸೆದ ಹಳೆಯ ಅಲಗು, ಮಸೆಯದ ಹೊಸ ಅಲಗಿಗಿಂತ ಮೇಲು.